ನೀರು ನಿಲ್ಲುವ ಮೂಲೆಗೊಂದು ಮರ

26 ಮೇ 2025, ಸೋಮವಾರ

ಜಾತ್ರೆ, ಕೋಲಗಳಿಗೆ ತೆರೆ ಎಳೆಯುವ ಪತ್ತನಾಜೆ ಮುಗಿದದ್ದೇ ತಡ, ಮಳೆ ಹಿಡಿದುಕೊಂಡಿದೆ. ಶನಿವಾರ ಕೇರಳಕ್ಕೆ ಬಂದ ಮುಂಗಾರು ಈವತ್ತು ಮುಂಬಯಿಯನ್ನೇ ಮುಟ್ಟಿದೆಯಂತೆ. ಲೆಕ್ಕಕ್ಕೆ ಜೂನ್ ಒಂದು ಬರಲು ಇನ್ನೂ ವಾರ ಉಂಟು. ಸೌದೆ ಒಳಗೆ ಹಾಕಿ ಆಗಿತ್ತು, ಹಪ್ಪಳ ಒಣಗಿ ಡಬ್ಬಿ ಸೇರಿತ್ತು. ಮನೆಯಾಕೆಯ ಮುಖದಲ್ಲಿ ಮಳೆಯನ್ನು ಗೆದ್ದ ಕಳೆ.

ಹಿತ್ತಿಲಿನ ವಾಯುವ್ಯ ಮೂಲೆ ಮಧ್ಯಾಹ್ನದೊಳಗೆ ತುಂಬಿತು. ಪ್ರತಿವರ್ಷದ ಕಥೆ. ಸುಮಾರು ಒಂದೂವರೆ ಸೆಂಟ್ಸ್ ಜಾಗ. ಸೆಪ್ಟೆಂಬರ್ ಮುಗಿಯುವ ತನಕ ಅಲ್ಲಿ ಪಾದ ಮುಳುಗುವಷ್ಟು ನೀರು, ರಾತ್ರಿಯಿಡೀ ಕಪ್ಪೆ. ಈಶಾನ್ಯದಲ್ಲಿ ನಿಂತಿದ್ದರೆ ವಾಸ್ತುವಿನವರಾದರೂ ಮೆಚ್ಚುತ್ತಿದ್ದರು. ಅತ್ತೆಯವರು ಆಸೆಪಟ್ಟು ನೆಡಿಸಿದ್ದ ಹಲಸು ಎರಡನೇ ಮಳೆಗಾಲಕ್ಕೆ ಎಲೆ ಹಳದಿ ಮಾಡಿಕೊಂಡು ಹೋಯಿತು. ಹಲಸಿಗೆ ಬುಡದಲ್ಲಿ ನೀರು ನಿಂತರೆ ಆಗದು. ಆಮೇಲೆ ಅಲ್ಲಿ ಕೆಸುವು ಬಿಟ್ಟು ಬೇರೇನೂ ಏಳಲಿಲ್ಲ.

ಏಳುವುದು ಹೇಗೆ? ಉಡುಪಿಯ ಅಂಬಲಪಾಡಿಯಲ್ಲಿ ನಮ್ಮ ಭಾಗ ಮೊದಲು ಬೈಲು ಗದ್ದೆ. ಈ ಕಡೆಯ ಗದ್ದೆಗಳಲ್ಲಿ ಎತ್ತರದ್ದು ಬೆಟ್ಟು, ನಡುವಿನದ್ದು ಮಜಲು, ತಗ್ಗಿನದ್ದು ಬೈಲು. ಬೆಟ್ಟಿನಲ್ಲಿ ಮಳೆಗಾಲದ ಏಣೆಲು ಮಾತ್ರ, ಮಜಲಿನಲ್ಲಿ ಸುಗ್ಗಿಯೂ ಉಂಟು, ಬೈಲಿನಲ್ಲಿ ಕೊಳಕೆಯೂ ಸೇರಿ ಮೂರು ಬೆಳೆ. ಮೂರು ಬೆಳೆ ಕೊಡುತ್ತಿದ್ದದ್ದೇ ನಿಲ್ಲುವ ನೀರು. ಆ ನೀರಿನ ಮೇಲೆ ಎರಡಡಿ ಕೆಂಪು ಮಣ್ಣು ಸುರಿಸಿ, ಮುರಕಲ್ಲಿನ ಪಾಯ ಹಾಕಿ, ನಾವೆಲ್ಲ ಮನೆ ಕಟ್ಟಿಕೊಂಡಿದ್ದೇವೆ. ಗದ್ದೆಗೆ ಅದನ್ನು ಯಾರೂ ತಿಳಿಸಿಲ್ಲ.

ಮನೆಯಾಕೆಯ ಸಲಹೆ ಸರಳ. "ಎರಡು ಲೋಡು ಮಣ್ಣು ಹಾಕಿಸಿ ಮೇಲೆ ಇಂಟರ್‌ಲಾಕ್ ಮಾಡಿಸಿಬಿಡುವ. ಕಾರು ತಿರುಗಿಸ್ಲಿಕ್ಕೂ ಆಗ್ತದೆ." ಮಳೆ ಬಿಟ್ಟ ಮೇಲೆ ನೋಡುವ ಎಂದಿದ್ದೇನೆ.

8 ಜೂನ್, ಭಾನುವಾರ

ಬೆಳಿಗ್ಗೆ ಮಗಳ ವಿಡಿಯೋ ಕಾಲ್. ಅಲ್ಲಿ ಶನಿವಾರ ರಾತ್ರಿ. ನಾರ್ತ್ ಕೆರೊಲೈನಾದ ರಾಲಿಯ ಹತ್ತಿರ ಅವರ ಮನೆ. ಅಲ್ಲಿಯೂ ಹಿತ್ತಿಲಿನ ಒಂದು ಮೂಲೆ ತಗ್ಗು, ಅಲ್ಲಿಯೂ ಮಳೆ ಬಂದರೆ ನೀರು. ಅವಳು ಮನೆ ಕೊಂಡ ವರ್ಷವೇ ಆ ಮೂಲೆಗೆ ಒಂದು ರಿವರ್ ಬರ್ಚ್ ನೆಡಿಸಿದ್ದಳು. ಈಗ ಎರಡು ಮಾಳಿಗೆಯ ಎತ್ತರ. ಒಂದೇ ಬುಡದಿಂದ ಮೂರು ಕಾಂಡ. ಫೋನನ್ನು ಕಿಟಕಿಯಿಂದ ಹೊರಗೆ ತಿರುಗಿಸಿ, ಅಂಗಳದ ದೀಪದ ಬೆಳಕಿನಲ್ಲಿ ತೋರಿಸಿದಳು. ಕಾಂಡದ ತುಂಬ ತೊಗಟೆ ಸುರುಳಿ ಸುರುಳಿಯಾಗಿ ಎದ್ದು ನೇತಾಡುತ್ತದೆ. ಹೊರಗಿನದು ಕಂದು, ಅದರ ಕೆಳಗಿನದು ನಸುಗೆಂಪು, ಇನ್ನೂ ಕೆಳಗೆ ಕೆನೆಬಣ್ಣ.

"ನಮ್ಮ ಮೂಲೆಗೂ ಇದೇ ಆಗ್ತಿತ್ತು ನೋಡು ಅಪ್ಪ. ನೀರಿನಲ್ಲಿ ನಿಂತ್ರೂ ಏನೂ ಆಗುವುದಿಲ್ಲ."

ಅಮೆರಿಕದ ಪೂರ್ವ ಭಾಗದ ಹೊಳೆದಂಡೆಗಳ ಮರ ಅದು. ನಲವತ್ತರಿಂದ ಎಪ್ಪತ್ತು ಅಡಿ ಬೆಳೆಯುತ್ತದೆ. ಬಿಳಿ ತೊಗಟೆಯ ಬರ್ಚ್ ಮರಗಳು ಅಲ್ಲಿಯ ದಕ್ಷಿಣದ ಸೆಕೆಗೆ ಸೊರಗಿ ಕಾಂಡಕೊರಕ ಹುಳಕ್ಕೆ ತುತ್ತಾಗುತ್ತವೆ. ಇದು ಎರಡನ್ನೂ ತಡೆಯುವುದರಿಂದ ಮನೆ ಕಟ್ಟಿಸುವವರಿಗೆಲ್ಲ ಅಚ್ಚುಮೆಚ್ಚು. ಮಣ್ಣು ಮಾತ್ರ ಹುಳಿಯಿರಬೇಕು. ಸುಣ್ಣದ ಅಂಶ ಹೆಚ್ಚಿರುವಲ್ಲಿ ಕಬ್ಬಿಣ ಎಳೆದುಕೊಳ್ಳಲಾಗದೆ ಎಲೆ ಬಿಳಚಿಕೊಳ್ಳುತ್ತದೆ. ಅದರ ಒಂದು ನಡತೆ ನನಗೆ ಬಹಳ ಹಿಡಿಸಿತು. ಹೆಚ್ಚಿನ ಬರ್ಚ್‌ಗಳು ಶರತ್ಕಾಲದಲ್ಲಿ ಬೀಜ ಉದುರಿಸಿದರೆ ಇದು ವಸಂತದ ಕೊನೆಗೆ ಉದುರಿಸುತ್ತದೆ. ಆಗ ಹೊಳೆಯ ನೆರೆ ಇಳಿಯುತ್ತಿರುತ್ತದೆ, ದಂಡೆಯಲ್ಲಿ ಹೊಸ ಮೆಕ್ಕಲು ಬಿದ್ದಿರುತ್ತದೆ, ಬೀಜ ಅದರಲ್ಲಿ ಕೂತು ತಡಮಾಡದೆ ಮೊಳೆಯುತ್ತದೆ. ಹೊಳೆಯ ಪಂಚಾಂಗ ನೋಡಿ ಬೀಜ ಬಿಡುವ ಮರ.

ಹಾಗೆಂದು ಅಂಬಲಪಾಡಿಗೆ? ಹುಳಿ ಮಣ್ಣು ನಮ್ಮಲ್ಲಿ ಬೇಕಾದಷ್ಟುಂಟು, ನೀರಿಗೂ ಬರವಿಲ್ಲ. ಇಲ್ಲದ್ದು ಚಳಿ. ಎಲೆ ಕಳಚಿ ಮಲಗಿ ಏಳಲು ಅದಕ್ಕೆ ಒಂದು ಚಳಿಗಾಲ ಬೇಕು. ಇಲ್ಲಿ ಡಿಸೆಂಬರಿನಲ್ಲೂ ಫ್ಯಾನು ಬೇಕು. ಇನ್ನೊಂದು ವ್ಯತ್ಯಾಸ ಅದಕ್ಕಿಂತ ದೊಡ್ಡದು. ಅಲ್ಲಿಯ ಹೊಳೆಗಳ ನೆರೆ ಹೆಚ್ಚಾಗಿ ಬರುವುದು ಚಳಿಗಾಲದ ಕೊನೆಗೆ, ವಸಂತದ ಮೊದಲಿಗೆ. ಮರ ಆಗ ಅರೆನಿದ್ದೆಯಲ್ಲಿರುತ್ತದೆ. ನಮ್ಮ ನೆರೆ ಬರುವುದು ಮರ ಬೆಳೆಯುವ ತಿಂಗಳುಗಳಲ್ಲಿ, ಬೆಚ್ಚಗಿನ ನೀರಿನೊಡನೆ. ಬೆಚ್ಚಗಿನ ನೀರಿನಲ್ಲಿ ಬೇರಿಗೆ ಉಸಿರು ಬೇಗ ಕಟ್ಟುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಮಗಳು ಕೇಳಿದಳು: "ಹಾಗಾದ್ರೆ ಅಲ್ಲಿಯ ರಿವರ್ ಬರ್ಚ್ ಯಾವುದು?"

12 ಜೂನ್, ಗುರುವಾರ

ಆ ಪ್ರಶ್ನೆ ತಲೆಯಲ್ಲಿ ಕೂತಿದೆ. ಬರ್ಚ್ ಎಂಬುದು ನಮಗೆ ಪೂರ್ತಿ ಅಪರಿಚಿತವೇನಲ್ಲ, ಭೂರ್ಜ. ಹಿಮಾಲಯದಲ್ಲಿ ಕಾಡು ಮುಗಿಯುವ ಎತ್ತರದಲ್ಲಿರುವ ಮರ. ಕಾಳಿದಾಸನ 'ವಿಕ್ರಮೋರ್ವಶೀಯ'ದಲ್ಲಿ ಊರ್ವಶಿ ಪುರೂರವನಿಗೆ ಓಲೆ ಬರೆಯುವುದು ಭೂರ್ಜಪತ್ರದ ಮೇಲೆ. ಬ್ಯಾಂಕಿನಲ್ಲಿ ಲೆಕ್ಕ ಬರೆದು ಬದುಕಿದ ನನಗೆ ಅದಕ್ಕಿಂತ ಬಕ್ಷಾಲಿ ಹಸ್ತಪ್ರತಿಯ ಮೇಲೆ ಪ್ರೀತಿ ಹೆಚ್ಚು. 1881ರಲ್ಲಿ ಪೇಶಾವರದ ಬಳಿ ನೆಲ ಅಗೆಯುವಾಗ ಸಿಕ್ಕಿದ ಗಣಿತದ ಪುಸ್ತಕ. ಬರೆದಿರುವುದು ಭೂರ್ಜದ ತೊಗಟೆಯ ಮೇಲೆ, ಸೊನ್ನೆಯ ಜಾಗದಲ್ಲಿ ಬರೀ ಚುಕ್ಕೆ. ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ.

ನಮ್ಮ ಕಡೆಯವರು ತೊಗಟೆಯ ತಂಟೆಗೆ ಹೋಗದೆ ಶ್ರೀತಾಳೆಯ ಗರಿ ಹಿಡಿದರು. ಮಧ್ವಾಚಾರ್ಯರ ಶಿಷ್ಯ ಹೃಷೀಕೇಶತೀರ್ಥರು ಗುರುಗಳ ಗ್ರಂಥಗಳನ್ನು ಬರೆದಿಟ್ಟ ಸರ್ವಮೂಲದ ಓಲೆಗಳು ಪಲಿಮಾರು ಮಠದಲ್ಲಿ ಇವತ್ತಿಗೂ ಇವೆ. ಈ ಮಳೆ, ಈ ಬೂಷ್ಟು, ಈ ಗೆದ್ದಲು ಇರುವ ಊರಿನಲ್ಲಿ ಏಳು ಶತಮಾನ ಓಲೆ ಉಳಿಸುವುದೆಂದರೆ ಸಣ್ಣ ಸಂಗತಿಯಲ್ಲ. ಮೊನ್ನೆ ತೆಗೆದ ನನ್ನ ಪಾಸ್‌ಬುಕ್ಕಿಗೇ ಬೂಷ್ಟು ಬಂದಿದೆ.

19 ಜೂನ್, ಗುರುವಾರ

ಹೆಬ್ರಿಯಲ್ಲಿ ನೆಂಟರ ಮನೆಯ ಪೂಜೆ. ಊಟ ಮುಗಿಸಿ, ಮಳೆ ನೋಡುವ ನೆಪ ಹೇಳಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿಯ ಬುಡದ ತನಕ ಕಾರು ಬಿಟ್ಟೆ. ನೋಡಬೇಕಾಗಿದ್ದದ್ದು ಬರ್ಚಿನ ಹಾಗೆ ತೊಗಟೆ ಕಳಚುವ ನಂದಿ ಮರ.

ಮೊದಲೂ ನೂರು ಸಲ ನೋಡಿದ್ದೇನೆ, ಈ ಕಣ್ಣಿನಿಂದ ನೋಡಿರಲಿಲ್ಲ. ಕಪ್ಪು ಕಾಂಡಗಳ ಕಾಡಿನ ನಡುವೆ ಇದೊಂದು ಬೆಳ್ಳಗೆ ನೇರವಾಗಿ ಎದ್ದಿರುತ್ತದೆ. ರಸ್ತೆ ಬದಿಯ ಒಂದು ಮರದ ಹತ್ತಿರ ಕೊಡೆ ಹಿಡಿದು ನಿಂತೆ. ಎದೆಮಟ್ಟದಲ್ಲಿ ಅಂಗೈ ಅಗಲದ ಒಂದು ಚಕ್ಕೆ ಮೂರು ಬದಿ ಬಿಟ್ಟು ಒಂದೇ ಬದಿಯಲ್ಲಿ ಹಿಡಿದುಕೊಂಡಿತ್ತು. ಉಗುರಿನ ತುದಿ ತಾಗಿದ್ದೇ ಸಾಕು, ಬಂತು. ಒದ್ದೆಯಾಗಿದ್ದರೂ ಹರಿಯಲಿಲ್ಲ, ಬೆಳಕಿಗೆ ಹಿಡಿದರೆ ಬೆರಳು ಮಸುಕಾಗಿ ಕಾಣುವಷ್ಟು ತೆಳು. ಕೆಳಗಿನ ಹೊಸ ತೊಗಟೆ ನುಣುಪು, ತಣ್ಣಗೆ. ಅದರ ಮೇಲೆ ಮಳೆನೀರು ಎಲ್ಲೂ ನಿಲ್ಲದೆ ಇಳಿಯುತ್ತಿತ್ತು. ಅಕ್ಕಪಕ್ಕದ ಮರಗಳ ಮೈತುಂಬ ಪಾಚಿ, ಸೀತಾಳೆ, ಜರಿಗಿಡ. ನಂದಿಯ ಮೇಲೆ ಅವು ತೀರ ಕಡಿಮೆ. ಹತ್ತಿ ಕೂತವರನ್ನು ಚಕ್ಕೆಯ ಸಮೇತ ಕೆಳಗೆ ಹಾಕುತ್ತದೆ ಎಂದು ಕಾಣುತ್ತದೆ.

ಚಂದಕ್ಕೆ ಬರ್ಚಿನ ಜೋಡಿ ಇದೇ. ಆದರೆ ಇದು ಇಳಿಜಾರಿನ ಮರ. ಎಷ್ಟು ಮಳೆ ಬಿದ್ದರೂ ನೀರು ಬುಡ ಬಿಟ್ಟು ಹರಿದುಹೋಗುವ ಜಾಗದ್ದು. ನಮ್ಮ ಬೈಲಿಗೆ ತಂದು ನಿಲ್ಲಿಸಿದರೆ ಹಲಸಿನ ಗತಿಯೇ ಆದೀತು. ತೊಗಟೆ ನೋಡಿ ಮರ ಆರಿಸುವುದು ಸೀರೆಯ ಅಂಚು ನೋಡಿ ಹೆಣ್ಣು ಒಪ್ಪಿದ ಹಾಗೆ.

ಅದೇ ಕುಲದಲ್ಲಿ ಹೊಳೆಯ ಮರವೂ ಒಂದಿದೆಯಲ್ಲ, ಹೊಳೆದಾಸವಾಳ. ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಸೀತಾನದಿಯ ಬದಿ ಕತ್ತಲೆ ಮಳೆಯಲ್ಲಿ ಏನೂ ಕಾಣಲಿಲ್ಲ.

22 ಜೂನ್, ಭಾನುವಾರ

ಮಗಳಿಗೆ ಉತ್ತರ ಹೇಳಿದೆ: ಹೊಳೆದಾಸವಾಳ. ಪಶ್ಚಿಮ ಘಟ್ಟದ ಹೊಳೆದಂಡೆಗಳಲ್ಲಿ ತಾನಾಗಿ ಬೆಳೆಯುವ ಮರ, ಏಪ್ರಿಲ್‌ನಿಂದ ಜೂನ್ ತನಕ ನೇರಳೆ ಹೂವಿನ ಗೊಂಚಲು, ಮಹಾರಾಷ್ಟ್ರದವರು ತಾಮ್ಹಣ ಎಂದು ರಾಜ್ಯಪುಷ್ಪ ಮಾಡಿಕೊಂಡಿದ್ದಾರೆ. ತೊಗಟೆ ಬರ್ಚಿನಷ್ಟು ಆಡಂಬರದ್ದಲ್ಲ, ಆದರೂ ಬೂದುಬಣ್ಣದ ಚಕ್ಕೆ ಎದ್ದು ಬೀಳುತ್ತದೆ. ಬೇಸಿಗೆಯ ಮೊದಲಿಗೆ ಎಲೆ ಕೆಂಪಾಗಿ ಉದುರುತ್ತದೆ; ಆ ಕೆಂಪು ನೋಡಿದರೆ ನಿನಗೆ ನಿಮ್ಮಲ್ಲಿಯ ಅಕ್ಟೋಬರ್ ನೆನಪಾದೀತು ಎಂದೆ.

ಅವಳಿಗೆ ಇನ್ನೊಂದು ಸುದ್ದಿಯೂ ಇತ್ತು. ಅವರ ರಸ್ತೆಯ ಎರಡೂ ಬದಿ ನೆಟ್ಟಿರುವ ಕ್ರೇಪ್ ಮರ್ಟಲ್ ಇದರದೇ ತಂಗಿ. ಚೀನಾ ಕಡೆಯಿಂದ ಹೋಗಿ ಅಮೆರಿಕದ ದಕ್ಷಿಣದ ಅಂಗಳಗಳನ್ನೆಲ್ಲ ಆವರಿಸಿದೆ. ಎರಡಕ್ಕೂ ಕುಲನಾಮ ಲ್ಯಾಗರ್‌ಸ್ಟ್ರೋಮಿಯಾ. ಸ್ವೀಡನ್ನಿನ ಈಸ್ಟ್ ಇಂಡಿಯಾ ಕಂಪೆನಿಯ ನಿರ್ದೇಶಕ ಲ್ಯಾಗರ್‌ಸ್ಟ್ರೋಮ್ ತನ್ನ ಗೆಳೆಯ ಲಿನ್ನೇಯಸ್‌ಗೆ ಪೂರ್ವದೇಶದ ಗಿಡಗಳನ್ನು ತರಿಸಿ ಕೊಡುತ್ತಿದ್ದ. ಲಿನ್ನೇಯಸ್ ಆ ಋಣವನ್ನು ಮರದ ಹೆಸರಿನಲ್ಲಿ ತೀರಿಸಿದ. ಅದಕ್ಕೂ ಮೊದಲೇ ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 'ಹೊರ್ಟಸ್ ಮಲಬಾರಿಕಸ್'ನಲ್ಲಿ ಅದಂಬೋ ಎಂದು ಇದರ ಚಿತ್ರ ಹಾಕಿಸಿದ್ದ. 1678ರಿಂದ 1693ರ ತನಕ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟವಾಗಿ ಬಂದ ಪುಸ್ತಕ ಅದು. ಮಗಳು ದಿನವೂ ಕಾರು ಓಡಿಸುವುದು ನಮ್ಮ ಹೊಳೆಯ ಮರದ ನೆಂಟರ ನಡುವೆ ಎಂದಾಯಿತು.

"ಚಳಿಗಾಲದಲ್ಲಿ ಇವರು ಅದರ ತಲೆ ಕಡಿದು ಮೊಂಡು ಮಾಡಿಬಿಡ್ತಾರೆ ಅಪ್ಪ. ನೋಡ್ಲಿಕ್ಕಾಗುದಿಲ್ಲ." ನಮ್ಮಲ್ಲಿ ಆ ಕೆಲಸ ಕರೆಂಟಿನ ತಂತಿ ಇರುವಲ್ಲಿ ಹನ್ನೆರಡು ತಿಂಗಳೂ ನಡೆಯುತ್ತದೆ.

27 ಜೂನ್, ಶುಕ್ರವಾರ

ಅರಣ್ಯ ಇಲಾಖೆಯ ನರ್ಸರಿಯಲ್ಲಿ ಹೊಳೆದಾಸವಾಳ ಸಿಕ್ಕಿತು. ಹೊಳೆಮತ್ತಿಯೂ ಇತ್ತು. ಅದರ ನುಣುಪು ಬಿಳಿ ಕಾಂಡದ ಮೇಲೆ ಆಸೆಯಾಯಿತು. ತೊಗಟೆ ಹಾಳೆ ಹಾಳೆಯಾಗಿ ಬಿಡುವುದರಲ್ಲಿ ಅದೂ ಬರ್ಚಿಗೆ ಕಡಿಮೆಯಿಲ್ಲ. ಆದರೆ ಅದು ಕಾವೇರಿಯಂಥ ಹೊಳೆಯ ದಂಡೆಗೆ ಹೇಳಿದ ಗಾತ್ರ, ನಮ್ಮ ಕಂಪೌಂಡು ತಾಳಲಿಕ್ಕಿಲ್ಲ.

ತೊಟ್ಟೆಯ ಗಿಡ ಆರಿಸುವಾಗ ಎಲ್ಲರ ಕೈ ಎತ್ತರದ್ದಕ್ಕೆ ಹೋಗುತ್ತದೆ. ಎತ್ತರಕ್ಕೆ ಹೋದದ್ದೆಂದರೆ ತೊಟ್ಟೆಯಲ್ಲಿ ಬಹಳ ಕಾಲ ಇತ್ತು, ಬೇರು ಒಳಗೇ ಸುತ್ತಿಕೊಂಡಿದೆ ಎಂದರ್ಥ. ನಾನು ಮೊಣಕಾಲೆತ್ತರದ್ದು, ಬುಡ ದಪ್ಪದ್ದು ತೆಗೆದುಕೊಂಡೆ. ಮನೆಯಾಕೆ ಡಿಕ್ಕಿ ನೋಡಿ, "ಇಷ್ಟು ಸಣ್ಣದಕ್ಕೆ ಇಷ್ಟು ಪೆಟ್ರೋಲಾ?" ಎಂದಳು.

2 ಜುಲೈ, ಬುಧವಾರ

ನೆಟ್ಟಾಯಿತು. ಹಿಂದೆ ಈ ಬೈಲಿನಲ್ಲೇ ಬೇಸಾಯ ಮಾಡುತ್ತಿದ್ದ ಅಜ್ಜ ಹಾರೆ ಹಿಡಿದುಕೊಂಡು ಬಂದಿದ್ದರು. ನಮ್ಮ ಅಡುಗೆಮನೆ ಇರುವಲ್ಲಿ ಅವರು ಭತ್ತದ ನೇಜಿ ಹಾಕುತ್ತಿದ್ದರಂತೆ. ಮೂಲೆ ನೋಡಿದವರೇ, "ಇಲ್ಲಿ ಹೊಂಡ ತೆಗೀಬೇಡಿ ರಾಯರೆ, ಗಿಡವನ್ನು ಬಾವಿಗೆ ಹಾಕಿದಂತೆ ಆಗ್ತದೆ" ಎಂದರು. ನನ್ನ ಯೋಚನೆಯೂ ಅದೇ ಆಗಿತ್ತು, ಅವರ ಬಾಯಿಂದ ಬಂದದ್ದರಿಂದ ಮನೆಯಾಕೆ ಒಪ್ಪಿದಳು.

ಹೊಂಡದ ಬದಲು ದಿಣ್ಣೆ. ಆ ಜಾಗದ್ದೇ ಕಪ್ಪು ಕೆಸರಿಗೆ ಸ್ವಲ್ಪ ಮುರಮಣ್ಣು ಬೆರೆಸಿ, ಒಂದೂವರೆ ಅಡಿ ಎತ್ತರ, ಆಚೀಚೆ ನಿಧಾನ ಇಳಿಜಾರು. ಮೊದಲ ಒಂದೆರಡು ಮಳೆಗಾಲ ಬೇರು ನೀರಿನ ಮಟ್ಟದಿಂದ ಮೇಲೆ ಉಸಿರಾಡಿಕೊಂಡಿದ್ದು, ಆಮೇಲೆ ತನ್ನ ಇಷ್ಟಕ್ಕೆ ಕೆಳಗಿಳಿಯಲಿ ಎಂದು. ತೊಟ್ಟೆ ಹರಿದು ನೋಡಿದರೆ, ಅಡಿಯಲ್ಲಿ ಪೆನ್ಸಿಲ್ ದಪ್ಪದ ಒಂದು ಬೇರು ಎರಡು ಸುತ್ತು ಹಾಕಿ, ತುದಿ ಮತ್ತೆ ಮೇಲಕ್ಕೆ ತಿರುಗಿತ್ತು. ಅದನ್ನು ಹಾಗೇ ಇಟ್ಟು ನೆಟ್ಟರೆ ಮರ ದೊಡ್ಡದಾಗುತ್ತ ಆ ಉಂಗುರವೂ ದಪ್ಪವಾಗಿ ತನ್ನ ಬುಡವನ್ನೇ ಬಿಗಿಯುತ್ತದೆ. ಹತ್ತು ವರ್ಷ ಬಿಟ್ಟು ಗಾಳಿಗೆ ಬುಡಸಮೇತ ಬಿದ್ದ ರಸ್ತೆಬದಿಯ ಮರಗಳಲ್ಲಿ ಎಷ್ಟಕ್ಕೆ ಇದೇ ಕಾರಣವೋ! ಬ್ಲೇಡಿನಿಂದ ಸುತ್ತು ಶುರುವಾಗುವಲ್ಲಿ ಕತ್ತರಿಸಿದೆ. ಕೊಯ್ದ ಬಾಯಿ ಬೆಳ್ಳಗಿತ್ತು, ಗಟ್ಟಿ. ಉಳಿದ ನಾರುಬೇರುಗಳನ್ನು ಬೆರಳಿನಿಂದ ಬಿಡಿಸಿ ನಾಲ್ಕು ಕಡೆಗೆ ಹರಡಿದೆ. ಅಜ್ಜ ಅಡಿಕೆ ಸಲಾಕೆಯ ಊರುಗೋಲು ಕೊಟ್ಟು ಬಾಳೆನಾರಿನಲ್ಲಿ ಸಡಿಲ ಗಂಟು ಹಾಕಿದರು. ಮೇಲೆ ತರಗೆಲೆ, ಕಾಂಡಕ್ಕೆ ತಾಗದಂತೆ.

ಕಂಪೌಂಡಿನ ಗೋಡೆಯಲ್ಲಿ ಹಿಂದಿನಿಂದ ಒಂದು ಕಿಂಡಿ ಉಂಟು. ಅದರಿಂದಾಚೆ ಪಕ್ಕದ ಮನೆಯ ಬಾಯಮ್ಮನ ಹಿತ್ತಿಲು, ಅಲ್ಲಿಂದ ತೋಡು. ಕಿಂಡಿಗೆ ಪ್ಲಾಸ್ಟಿಕ್ ತುಂಬಿತ್ತು. ಅಜ್ಜ ಕೈಹಾಕಿ ಎಳೆದು, "ನೀರ್‌ಗ್ ಸಾದಿ ಬೋಡತ್ತಾ ರಾಯರೆ?" ಎಂದರು. ನೀರಿಗೂ ದಾರಿ ಬೇಡವೇ! ನೀರು ಸೊರ್ರೆಂದು ಹೋಯಿತು, ಪಾದ ಮುಳುಗುತ್ತಿದ್ದದ್ದು ಬೆರಳು ಮುಳುಗುವಷ್ಟಾಯಿತು. ಕೂಲಿ ಜೊತೆಗೆ ಊಟಕ್ಕೆ ನಿಲ್ಲಿ ಎಂದರೆ ಕೇಳಲಿಲ್ಲ, ಚಾ ಕುಡಿದು ಹೋದರು.

6 ಜುಲೈ, ಭಾನುವಾರ

ಮಳೆ ಬಿಟ್ಟೂ ಬಿಡದೆ. ಮನೆಯಾಕೆ ಕಿಟಕಿಯಿಂದ ನೋಡಿ, "ನಿಮ್ಮ ಮರ ನೀರು ಕುಡೀಲಿಲ್ಲವಲ್ಲ" ಎಂದು ತಮಾಷೆ ಮಾಡಿದಳು.

ತಮಾಷೆಯಾದರೂ ಎಲ್ಲರೂ ನಂಬಿರುವುದು ಅದನ್ನೇ. ಅಲ್ಲಿ ರಿವರ್ ಬರ್ಚ್ ಮಾರುವವರೂ ನೀರು ಹೀರಿ ಜಾಗ ಒಣಗಿಸುತ್ತದೆ ಎನ್ನುತ್ತಾರಂತೆ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಒಂದು ಸೆಂಟ್ಸ್ ಎಂದರೆ ನಲವತ್ತು ಚದರ ಮೀಟರ್. ಹತ್ತು ಸೆಂಟಿಮೀಟರ್ ಮಳೆ ಬಿದ್ದರೆ ಅಷ್ಟು ಜಾಗಕ್ಕೆ ನಾಲ್ಕು ಸಾವಿರ ಲೀಟರ್ ನೀರು. ಉಡುಪಿಯಲ್ಲಿ ಹತ್ತು ಸೆಂಟಿಮೀಟರ್ ಎನ್ನುವುದು ಜುಲೈಯಲ್ಲಿ ಸುದ್ದಿಯೇ ಅಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ದಾಟುವ ಊರು. ಮರ ನೀರೆಳೆಯುವುದು ಎಲೆಯಿಂದ ಆವಿ ಹೋದ ಮೇಲೆ. ಗಾಳಿಯೇ ಒದ್ದೆಯಾಗಿ, ಬಿಸಿಲಿನ ಮುಖ ಕಾಣದೆ, ಒಣಗಲು ಹಾಕಿದ ಪಂಚೆ ನಾಲ್ಕು ದಿನ ಹಸಿಯಿರುವ ದಿನಗಳಲ್ಲಿ ಯಾವ ಮರ ಏನು ಕುಡಿದೀತು? ನೀರಿನ ಮರ ಮಾಡುವುದು ಇಷ್ಟೇ: ನೀರು ನಿಂತಾಗ ಸಾಯುವುದಿಲ್ಲ. ಮಣ್ಣಿನ ಗಾಳಿ ಮುಗಿದಾಗ ಮೇಲ್ಮಟ್ಟದಲ್ಲಿ ಹೊಸ ಬೇರು ಬಿಡುತ್ತದೆ, ಕಾಂಡದ ಸಣ್ಣ ರಂಧ್ರಗಳಿಂದ ಕೆಳಗೆ ಉಸಿರು ಕಳಿಸುತ್ತದೆ. ನೀರು ಹೋಗಬೇಕಾದ್ದು ಕಿಂಡಿಯಿಂದ, ತೋಡಿನಿಂದ. ಆ ಕೆಲಸವನ್ನು ಮರದ ತಲೆಗೆ ಕಟ್ಟಬಾರದು.

ಮಣ್ಣು ತುಂಬಿಸಿದರೂ ನೀರು ಎಲ್ಲಿಗೂ ಹೋಗುವುದಿಲ್ಲ, ಬಾಯಮ್ಮನ ಹಿತ್ತಿಲಿಗೆ ಹೋಗುತ್ತದೆ. 2020ರ ಸೆಪ್ಟೆಂಬರ್ 20ರ ನೆರೆಯಲ್ಲಿ ನಮ್ಮ ಜಗಲಿಯ ಮೆಟ್ಟಿಲು ಮುಳುಗಿದಾಗ ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಮೇಲಿನವರೆಲ್ಲ ಒಂದೊಂದು ಅಡಿ ಎತ್ತರಿಸಿಕೊಂಡಿದ್ದರು. ನಾವು ಎತ್ತರಿಸಿದರೆ ಬಾಯಮ್ಮ. ಬಾಯಮ್ಮ ಎತ್ತರಿಸಿದರೆ ಅವರ ಕೆಳಗಿನವರು. ಇಂದ್ರಾಣಿ ತೋಡಿನ ತನಕ ಹೀಗೇ ತಳ್ಳುತ್ತ ಹೋದರೆ ಕೊನೆಯ ಮನೆ ಯಾರದ್ದು? ಇಂಟರ್‌ಲಾಕಿನ ವಿಷಯ ಮನೆಯಲ್ಲಿ ಸದ್ಯ ಮುಗಿದಿದೆ.

24 ಜುಲೈ, ಗುರುವಾರ. ಆಟಿ ಅಮಾವಾಸ್ಯೆ

ಬೆಳಿಗ್ಗೆ ಪಾಲೆ ಕೆತ್ತೆಯ, ಅಂದರೆ ಹಾಲೆ ಮರದ ತೊಗಟೆಯ ಕಷಾಯ. ಕಹಿ ಅಂದರೆ ಕಹಿ. ಓಮ, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ, ಕಾಸಿದ ಬೆಣಚುಕಲ್ಲಿನ ಒಗ್ಗರಣೆ ಕೊಟ್ಟರೂ ಅದರ ಸ್ವಭಾವ ಬದಲಾಗದು. ಆಮೇಲೆ ಮೆಂತೆ ಗಂಜಿ, ಅದರಿಂದ ಜೀವ ಬಂತು.

ಸಂಜೆ ನಡೆಯಲು ಹೋದಾಗ ರಸ್ತೆ ಬದಿಯ ಹಾಲೆ ಮರ ನೋಡಿ ಬೇಜಾರಾಯಿತು. ಸೊಂಟದೆತ್ತರದ ತನಕ ಸುತ್ತ ಕೆತ್ತಿದ್ದಾರೆ. ಹಿಂದೆಲ್ಲ ಸೂರ್ಯ ಹುಟ್ಟುವ ಮೊದಲು ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ಬೇಕಾದಷ್ಟೇ ತರುತ್ತಿದ್ದರು. ಕಲ್ಲಿನಿಂದ ಎಷ್ಟೆಂದು ತೆಗೆದಾರು? ಆ ಕಟ್ಟುಪಾಡಿನ ಲಾಭ ಮರಕ್ಕೂ ಸಿಗುತ್ತಿತ್ತು. ಈಗ ಊರಿಗೊಂದು ಮರ ಉಳಿದು, ಕುಡಿಯುವವರು ಸಾವಿರವಾಗಿ, ಕತ್ತಿಯೂ ಬಂದಿದೆ. ನಂದಿಯಾಗಲಿ ಬರ್ಚ್ ಆಗಲಿ ಬಿಡುವುದು ಹೊರಗಿನ ಸತ್ತ ಪದರ. ಕಷಾಯಕ್ಕೆ ಬೇಕಾದ್ದು ಹಾಲು ಜಿನುಗುವ ಒಳತೊಗಟೆ, ಎಲೆ ಮಾಡಿದ ಅಡುಗೆ ಬೇರಿಗೆ ಇಳಿಯುವ ದಾರಿ ಅದು. ಸುತ್ತಲೂ ಕೆತ್ತಿದರೆ ಬೇರಿಗೆ ಉಪವಾಸ. ಮರ ಕೂಡಲೇ ಸಾಯುವುದಿಲ್ಲ, ಆದ್ದರಿಂದ ಯಾರಿಗೂ ತಾನು ಕೊಂದೆ ಎಂದು ಅನಿಸುವುದೂ ಇಲ್ಲ.

ಮೊಮ್ಮಗ ಬರ್ಚಿನ ಸಿಪ್ಪೆ ಎಳೆಯುತ್ತಾನೆ ಎಂದು ಮಗಳು ದೂರು ಹೇಳಿದ್ದಳು. ತಾನಾಗಿ ಎದ್ದದ್ದು ಎಳೆಯಲಿ, ಹಿಡಿದುಕೊಂಡದ್ದು ಬೇಡ ಎಂದು ಹೇಳು ಎಂದು ಮೆಸೇಜು ಹಾಕಿದೆ.

29 ಜುಲೈ, ಮಂಗಳವಾರ. ನಾಗರ ಪಂಚಮಿ

ಕಾಪುವಿನ ಕಡೆ ನಮ್ಮ ಮೂಲ ನಾಗಬನಕ್ಕೆ ಹೋಗಿ ನಾಗನಿಗೆ ಹಾಲಿನ ತನು ಹಾಕಿಸಿ ಬಂದೆವು. ಗದ್ದೆಯ ಅಂಚಿಗೇ ಇರುವ ಬನ. ಕಟ್ಟೆಗೆ ಗ್ರಾನೈಟು, ಸುತ್ತ ಟೈಲ್ಸು, ತಗಡಿನ ಮಾಡು ಆಗಿದೆ. ಹಿಂದಿನ ಬದಿಯಲ್ಲಿ ಒಂದಿಷ್ಟು ಕಾಡು ಉಳಿದಿದೆ, ಅಷ್ಟೇ ಪುಣ್ಯ. ಕಾಸರ್ಕ, ಬೆತ್ತದ ಪೊದೆ, ಒಂದು ಹಳೆಯ ಹೊನ್ನೆ. ಹೊನ್ನೆಯ ಬುಡದಲ್ಲಿ ಗದ್ದೆಯ ನೀರು ಬಂದು ನಿಂತಿತ್ತು, ಅದರ ಎಲೆ ಎಣ್ಣೆ ಹಚ್ಚಿದಷ್ಟು ಹೊಳೆಯುತ್ತಿತ್ತು. ಸೀಮೆಎಣ್ಣೆ ಬರುವ ಮೊದಲು ಈ ಕಡಲತೀರದ ಮನೆಗಳಲ್ಲಿ ದೀಪಕ್ಕೆ ಇದರ ಕಾಯಿಯ ಎಣ್ಣೆ. ತಗ್ಗಿಗೆ, ಉಪ್ಪುಗಾಳಿಗೆ, ನಿಂತ ನೀರಿಗೆ ಯಾವ ಮರ ಆಗುತ್ತದೆ ಎಂದು ನಾನು ಫೋನು ನೋಡಿ ಹುಡುಕಿದ್ದಕ್ಕೆ ಉತ್ತರ ನಮ್ಮದೇ ಬನದಲ್ಲಿತ್ತು. ಎರಡು ಕಾಯಿ ಹೆಕ್ಕಿದೆ. ಬನದಿಂದ ಏನೂ ತರಬಾರದು ಎಂದು ಮನೆಯಾಕೆ ಕಣ್ಣು ಬಿಟ್ಟಳು. ಅಲ್ಲೇ ಇಟ್ಟು ಬಂದೆ.

20 ಆಗಸ್ಟ್, ಬುಧವಾರ

ರಾಲಿಯಲ್ಲಿ ಮಳೆಯಿಲ್ಲ, ಬರ್ಚ್ ಹಳದಿ ಎಲೆ ಉದುರಿಸುತ್ತಿದೆ ಎಂದು ಮಗಳಿಗೆ ಗಾಬರಿ. ಒಣಹವೆಗೆ ಅದು ಎಲೆಯ ಹೊರೆ ಇಳಿಸಿಕೊಳ್ಳುವ ರೀತಿ. ಬುಡಕ್ಕೆ ನಿಧಾನವಾಗಿ, ಆಳಕ್ಕೆ ಇಳಿಯುವಂತೆ ನೀರು ಬಿಡು ಎಂದೆ. ಇಲ್ಲಿ ಹೊಳೆದಾಸವಾಳ ಎರಡು ಜೊತೆ ಹೊಸ ಎಲೆ ಬಿಟ್ಟಿದೆ.

13 ಸೆಪ್ಟೆಂಬರ್, ಶನಿವಾರ

ನಾಳೆ ಉಡುಪಿಯ ಕೃಷ್ಣಾಷ್ಟಮಿ. ರಥಬೀದಿಯ ಕಡೆ ಕಾಲಿಡಲು ಜಾಗವಿಲ್ಲ. ಮಾರ್ಕೆಟ್ಟಿನಲ್ಲಿ ಮೂಡೆ ಕಟ್ಟುವ ಎಲೆ, ಕಟ್ಟಿದ ಮೂಡೆ ಎರಡೂ ಬಂದಿವೆ, ರೇಟು ಕೇಳಿ ಮನೆಯಾಕೆ ಮೂರು ಕಡೆ ಚೌಕಾಸಿ ಮಾಡಿದಳು. ಮಾರುವ ಹೆಂಗಸು ಹೇಳಿದ್ದು: "ಎಲ್ಲಿ ಸಿಗ್ತದೆ ಅಮ್ಮ? ತೋಡಿಗೆಲ್ಲ ಕಾಂಕ್ರೀಟ್ ಆಗಿದೆ."

ಮೂಡೆಯ ಎಲೆ ಕೊಡುವ ಮುಂಡೇವು ಬೆಳೆಯುವುದೇ ತೋಡಿನ ದಂಡೆಯಲ್ಲಿ. ಊರುಗಾಲಿನಂಥ ಬೇರು ಇಳಿಬಿಟ್ಟು ಮಣ್ಣು ಹಿಡಿದುಕೊಳ್ಳುತ್ತದೆ. ಮುಳ್ಳಿನ ಎಲೆ ಕೊಯ್ದು, ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿ, ಸುರುಳಿ ಸುತ್ತಿ ಇಡ್ಲಿ ಬೇಯಿಸುವ ಮೂಡೆ ಮಾಡುತ್ತಾರೆ. ತೋಡಿಗೆ ಎರಡೂ ಬದಿ ಗೋಡೆ ಕಟ್ಟಿದ ಮೇಲೆ ಅದಕ್ಕೆ ಬೇರೂರಲು ಮಣ್ಣೇ ಇಲ್ಲ. ದಂಡೆ ಹಿಡಿಯುವ ಗಿಡ ಕಿತ್ತು ದಂಡೆ ಹಿಡಿಯಲು ಗೋಡೆ ಕಟ್ಟಿ, ಹಬ್ಬದ ದಿನ ಎಲೆಗೆ ಪರದಾಟ. ಕಿಂಡಿಯ ಹತ್ತಿರ ಒಂದು ಮುಂಡೇವು ಇಡಬೇಕು. ಮಕ್ಕಳಿಗೆ ಮುಳ್ಳು ತಾಗುತ್ತದೆ ಎನ್ನಲು ಮನೆಯಲ್ಲಿ ಈಗ ಮಕ್ಕಳೂ ಇಲ್ಲ.

9 ನವೆಂಬರ್, ಭಾನುವಾರ

ಮೂಲೆಯ ನೀರು ಪೂರ್ತಿ ಇಳಿದಿದೆ. ಕೆಸರು ಬಿರುಕು ಬಿಡುತ್ತಿದೆ. ಗಿಡ ನನ್ನ ಸೊಂಟಕ್ಕೆ ಬಂದಿದೆ. ಬಾಳೆನಾರು ಕೊಳೆತು ಬಿದ್ದಿತ್ತು, ಊರುಗೋಲು ಕಿತ್ತೆ. ಗಾಳಿಗೆ ತಾನೇ ಆಡಿದರೆ ಕಾಂಡ ದಪ್ಪವಾಗುತ್ತದೆ. ದಿಣ್ಣೆಯ ಬದಿಯ ಮಣ್ಣು ಕೆದಕಿ ನೋಡಿದೆ, ನೂಲಿನಂಥ ಕೆಂಪು ಬೇರು ಇಳಿಜಾರಿನ ಕೊನೆಯ ತನಕ ಬಂದಿದೆ. ಇನ್ನು ಬೇಸಿಗೆ ದಾಟಿಸಬೇಕು. ಹೊಳೆಯ ಮರಕ್ಕೆ ಮೊದಲ ವರ್ಷ ಅಪಾಯ ಮಳೆಗಾಲಕ್ಕಿಂತ ಏಪ್ರಿಲಿನಲ್ಲಿ ಹೆಚ್ಚು.

7 ಡಿಸೆಂಬರ್, ಭಾನುವಾರ

ಬಾಯಮ್ಮ ಗೋಡೆಯಾಚೆಯಿಂದ ಕರೆದರು. "ರಾಯರೆ, ಮಗ ಜನವರಿಗೆ ಬರ್ತಾನೆ ದುಬಾಯಿಂದ. ಹಿಂದೆ ಮಣ್ಣು ಹಾಕಿಸಿ ಶೆಡ್ಡು ಮಾಡ್ತಾನಂತೆ. ನಿಮ್ಮ ಕಿಂಡಿ ಮುಚ್ಚಬೇಕಾಗ್ತದೋ ಏನೋ."

ಕಿಂಡಿ ಮುಚ್ಚಿದರೆ ನಮ್ಮಲ್ಲಿ ಮೊಣಕಾಲು ನೀರು. ಅದಕ್ಕೆ ಹೊಳೆದಾಸವಾಳವೂ ತಡೆಯಲಿಕ್ಕಿಲ್ಲ, ಅಡುಗೆಮನೆಯೂ ತಡೆಯಲಿಕ್ಕಿಲ್ಲ. ಮಗನಿಗೂ ತಪ್ಪು ಹೇಳಲಾಗದು, ಅವನ ಜಾಗ. "ಮಣ್ಣು ಹಾಕಲಿ ಬಾಯಮ್ಮ, ಗೋಡೆಯ ಬದಿಯಲ್ಲಿ ಮೂರಡಿ ಬಿಟ್ಟು ಹಾಕಲಿ. ತೋಡು ತೆರೆದೇ ಇರಲಿ" ಎಂದೆ. ಅವರು, ಅವನು ಪೈಪು ಹಾಕುವ ಎನ್ನುತ್ತಾನೆ ಎಂದರು. ಎಷ್ಟು ಇಂಚಿನದ್ದು ಎಂದು ಕೇಳಿದರೆ ಆರು.

ಆರಿಂಚು ಪೈಪಿಗೆ ಎರಡು ಹಾಲಿನ ತೊಟ್ಟೆ, ಒಂದು ತೆಂಗಿನ ಸಿಪ್ಪೆ ಸಾಕು. ಹುಡುಗ ಬಂದ ಮೇಲೆ ಕೂತು ಮಾತಾಡಬೇಕು, ಅಜ್ಜನನ್ನೂ ಕರೆಸಬೇಕು. ಅಷ್ಟರಲ್ಲಿ ನಮ್ಮ ಮಾಡಿನಿಂದಲೂ ಅವರ ಮಾಡಿನಿಂದಲೂ ಆ ಕಿಂಡಿಗೆ ಎಷ್ಟು ನೀರು ಬರುತ್ತದೆ ಎಂಬ ಲೆಕ್ಕ ಬರೆದಿಡುತ್ತೇನೆ. ಬಾಯಮ್ಮ ಹೋಗುವ ಮೊದಲು ನಮ್ಮ ಗಿಡವನ್ನು ನೋಡಿ, ಹೂವಿನ ಬಣ್ಣ ಯಾವುದು ಎಂದು ಕೇಳಿದರು. ನೇರಳೆ ಎಂದೆ. ಅವರಿಗೂ ಒಂದು ಬೇಕಂತೆ, ಶೆಡ್ಡಿನ ಆಚೆ ಬದಿಗೆ.